ಸೆರ್ಗೇಯ್ ಬೊದ್ರೋವ್ ಸಿನಿಮಾ ನೋಡೋಕೆ ಯಾವುದರಿಂದ ಶುರು ಮಾಡೋದು? ಬಂದೂಕುಗಳ ಲೆಕ್ಕದಲ್ಲಿ ಒಂದು ಹೋಲಿಕೆ

ರಷ್ಯನ್ ಸಿನಿಮಾ ಅಂದರೆ ತಾರ್ಕೋವ್‌ಸ್ಕಿ, ಐಸೆನ್‌ಸ್ಟೈನ್ ಅಂತ ಕೇಳಿ ಕೇಳಿ ದೂರ ಉಳಿದವರು ಬಹಳ ಜನ. ಅಂಥವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಸೆರ್ಗೇಯ್ ಬೊದ್ರೋವ್. ಅಪ್ಪ ಅಲ್ಲ, ಮಗ. ಅಪ್ಪನ ಹೆಸರೂ ಸೆರ್ಗೇಯ್ ಬೊದ್ರೋವ್, ಅವರೂ ನಿರ್ದೇಶಕರೇ. ಹುಡುಕುವಾಗ 'ಜೂನಿಯರ್' ಅಂತ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಇಬ್ಬರ ಪಟ್ಟಿಯೂ ಕಲಸಿಹೋಗುತ್ತೆ.

ಈ ಮಗ ಬೊದ್ರೋವ್ ಹುಟ್ಟಿದ್ದು 1971ರ ಡಿಸೆಂಬರ್ 27ರಂದು, ಮಾಸ್ಕೋದಲ್ಲಿ. ಓದಿದ್ದು ಕಲಾ ಇತಿಹಾಸ. ವೆನಿಸ್‌ನ ಹಳೆಯ ಚಿತ್ರಕಲೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಮಟ್ಟದ ಪದವಿ ತಗೊಂಡ ಮನುಷ್ಯ. ನಟನೆಯ ಶಾಲೆಗೆ ಹೋದವನೇ ಅಲ್ಲ. ಆದರೆ ತೊಂಬತ್ತರ ದಶಕದ ರಷ್ಯಾದಲ್ಲಿ ಪೋಸ್ಟರ್ ಮೇಲೆ ಬಂದೂಕು ಹಿಡಿದು ನಿಂತ ಮುಖ ಅಂದರೆ ಇವನದೇ. 2002ರ ಸೆಪ್ಟೆಂಬರ್ 20ರಂದು, ತಾನೇ ನಿರ್ದೇಶಿಸುತ್ತಿದ್ದ ಎರಡನೇ ಸಿನಿಮಾದ ಚಿತ್ರೀಕರಣದ ವೇಳೆ ಹಿಮನದಿ ಕುಸಿದು ತಂಡದ ಬಹಳ ಜನರ ಜೊತೆ ಕಾಣೆಯಾದ. ಆಗ ವಯಸ್ಸು 30. ಅಂದರೆ ಅವನ ಮುಖ್ಯ ಕೆಲಸವೆಲ್ಲ 1996ರಿಂದ 2002ರ ಒಳಗೆ ಮುಗಿದಿದೆ. ಎಲ್ಲವನ್ನೂ ಕೂತು ನೋಡಿಬಿಡಬಹುದು. ಪ್ರಶ್ನೆ ಇಷ್ಟೇ, ಯಾವುದು ಮೊದಲು?

ಸಾಮಾನ್ಯವಾಗಿ ಜನ ರೇಟಿಂಗ್ ನೋಡಿ ಆರಿಸುತ್ತಾರೆ. ನಾನು ಬೇರೆ ಅಳತೆ ಇಟ್ಟುಕೊಂಡಿದ್ದೇನೆ. ಈ ಸಿನಿಮಾಗಳಲ್ಲಿ ಬಂದೂಕಿನ ಕಂಪನಿ, ಮಾಡೆಲ್ ಅಷ್ಟು ಮುಖ್ಯವಲ್ಲ. ಅದು ಕೈಗೆ ಹೇಗೆ ಬಂತು ಅನ್ನೋದು ಮುಖ್ಯ. ಸರ್ಕಾರ ಕೊಟ್ಟಿದ್ದಾ, ಅಣ್ಣ ಕೊಟ್ಟಿದ್ದಾ, ಮನೆಯಲ್ಲೇ ಮಾಡಿಕೊಂಡಿದ್ದಾ, ಕಿತ್ತುಕೊಂಡಿದ್ದಾ? ಇದನ್ನು ಗಮನಿಸುತ್ತಾ ನೋಡಿದರೆ ಪ್ರತಿ ಸಿನಿಮಾದ ಗುಣ ತಾನಾಗೇ ಬಿಚ್ಚಿಕೊಳ್ಳುತ್ತೆ. ನಿಮಗೆ ಯಾವುದು ಹಿಡಿಸುತ್ತೆ ಅನ್ನೋದೂ ಗೊತ್ತಾಗುತ್ತೆ. ಕಥೆಯ ಕೊನೆಗಳನ್ನು ಆದಷ್ಟು ಬಿಟ್ಟುಕೊಡದೆ ಹೇಳುತ್ತೇನೆ. ಒಂದು ಕಡೆ ಮಾತ್ರ ಹೇಳಲೇಬೇಕಾಗುತ್ತೆ, ಅಲ್ಲಿ ಮುಂಚೆಯೇ ಎಚ್ಚರಿಸುತ್ತೇನೆ.

'ಬ್ರಾತ್' (1997): ಕೈಯಾರೆ ಮಾಡಿಕೊಂಡ ಬಂದೂಕು

ಹೆಸರಿನ ಅರ್ಥ ಸಹೋದರ. ನಿರ್ದೇಶಕ ಅಲೆಕ್ಸೇಯ್ ಬಲಬಾನೋವ್. ದನೀಲಾ ಬಗ್ರೋವ್ ಅನ್ನೋ ಹುಡುಗ (ಬೊದ್ರೋವ್) ಸೈನ್ಯದಿಂದ ಬಿಡುಗಡೆಯಾಗಿ ಸಣ್ಣ ಊರಿಗೆ ವಾಪಸ್ ಬರುತ್ತಾನೆ. ಸೈನ್ಯದಲ್ಲಿ ಏನ್ ಮಾಡ್ತಿದ್ದೆ ಅಂತ ಕೇಳಿದರೆ, ಕಚೇರಿಯಲ್ಲಿ ಗುಮಾಸ್ತನಾಗಿದ್ದೆ ಅಂತಾನೆ. ಅಮ್ಮ ಅವನನ್ನು ಪೀಟರ್ಸ್‌ಬರ್ಗ್‌ಗೆ, ಅಣ್ಣ ವಿಕ್ತೋರ್ ಹತ್ತಿರ ಕಳಿಸುತ್ತಾಳೆ. ಅಣ್ಣ ಚೆನ್ನಾಗಿ ದುಡಿಯುತ್ತಿದ್ದಾನೆ ಅಂತ ಅವಳ ನಂಬಿಕೆ. ಅಣ್ಣ ಸುಪಾರಿ ಕೊಲೆಗಾರ. ತನಗೆ ಬಂದ ಒಂದು ಕೆಲಸವನ್ನು ತಮ್ಮನ ತಲೆಗೆ ಕಟ್ಟುತ್ತಾನೆ.

ಇಲ್ಲಿ ಒಂದು ರಿವಾಲ್ವರ್ ಬರುತ್ತೆ. ಅದು ನಗಾಂತ್. ಬೆಲ್ಜಿಯಂನ ಲಿಯೋನ್ ನಗಾಂತ್ ಮಾಡಿದ ಮಾದರಿ. ರಷ್ಯಾದ ಸೈನ್ಯ ಅದನ್ನು ಒಪ್ಪಿಕೊಂಡಿದ್ದು 1895ರಲ್ಲಿ. ಆಮೇಲೆ ತೂಲಾ ನಗರದ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಯಿತು. ತ್ಸಾರನ ಸೈನ್ಯ, ಕ್ರಾಂತಿಕಾರಿಗಳು, ಸ್ಟಾಲಿನ್ ಕಾಲದ ಪೊಲೀಸರು, ಎಲ್ಲರ ಕೈಯಲ್ಲೂ ಓಡಾಡಿದ ಹಳೇ ಸರಕು. ದನೀಲಾ ಅದರ ತುದಿಗೆ ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿಕೊಂಡು ಮಾರುಕಟ್ಟೆಗೆ ಹೋಗುತ್ತಾನೆ. ಸದ್ದು ಅಡಗಿಸೋಕೆ.

ನೋಡೋಕೆ ತಮಾಷೆ ಅನಿಸುತ್ತೆ. ಆದರೆ ಬಂದೂಕು ಗೊತ್ತಿದ್ದವರಿಗೆ ಇಲ್ಲೊಂದು ಸೂಕ್ಷ್ಮ ಕಾಣುತ್ತೆ. ಬೇರೆ ರಿವಾಲ್ವರ್‌ಗಳಲ್ಲಿ ತೋಟಾ ಇರುವ ಉರುಳೆಗೂ ಮುಂದಿನ ನಳಿಗೆಗೂ ನಡುವೆ ಒಂದು ಸಣ್ಣ ಸಂದು ಇರುತ್ತೆ. ಗುಂಡು ಹಾರಿದಾಗ ಅಲ್ಲಿಂದ ಅನಿಲವೂ ಸದ್ದೂ ಹೊರಗೆ ನುಗ್ಗುತ್ತೆ. ಹಾಗಾಗಿ ಅದರ ಮೂತಿಗೆ ಏನು ಕಟ್ಟಿದರೂ ಹೆಚ್ಚು ಪ್ರಯೋಜನ ಇಲ್ಲ. ನಗಾಂತ್ ಹಾಗಲ್ಲ. ಕುದುರೆ ಎಳೆದಾಗ ಉರುಳೆ ಮುಂದೆ ಸರಿದು ನಳಿಗೆಗೆ ಅಂಟಿಕೊಂಡು ಸಂದು ಮುಚ್ಚಿಹೋಗುತ್ತೆ. ಸೈಲೆನ್ಸರ್ ಹಾಕಿದರೆ ಕೆಲಸ ಮಾಡುವ ಬೆರಳೆಣಿಕೆಯ ರಿವಾಲ್ವರ್‌ಗಳಲ್ಲಿ ಇದೂ ಒಂದು. ಸೋವಿಯತ್ ಕಾಲದಲ್ಲಿ ಇದಕ್ಕೆಂದೇ ಸೈಲೆನ್ಸರ್ ಮಾಡಿದ್ದರು. ಪ್ಲಾಸ್ಟಿಕ್ ಬಾಟಲಿ ಸಿನಿಮಾದಲ್ಲಿ ಕೆಲಸ ಮಾಡುತ್ತೆ, ಅಷ್ಟೇ. ಆದರೆ ಕಚೇರಿ ಗುಮಾಸ್ತ ಅಂತ ಹೇಳಿಕೊಂಡವನಿಗೆ ಇಂಥ ರಿವಾಲ್ವರ್‌ಗೆ ಇಂಥದ್ದು ಒಪ್ಪುತ್ತೆ ಅನ್ನೋದು ಹೇಗೆ ಹೊಳೀತು? ಬಲಬಾನೋವ್ ಇದನ್ನು ಯಾರ ಬಾಯಲ್ಲೂ ಹೇಳಿಸಲ್ಲ. ದನೀಲಾನ ಯುದ್ಧದ ಕಥೆಯೆಲ್ಲ ಅವನ ಕೈಯಲ್ಲಿದೆ, ಬಾಯಲ್ಲಿಲ್ಲ.

ಮುಂದೆ ಇನ್ನೊಂದು ಆಯುಧ ಬರುತ್ತೆ. ಬೇಟೆಗೆ ಬಳಸುವ ಜೋಡಿ ನಳಿಗೆಯ ಕೋವಿ. ಕೊಡಗು, ಮಲೆನಾಡಿನ ಕಡೆಯವರಿಗೆ ಇಂಥ ಕೋವಿ ಹೊಸದೇನಲ್ಲ. ದನೀಲಾ ಅದರ ನಳಿಗೆಯನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿಕೊಳ್ಳುತ್ತಾನೆ. ತೋಟಾಗಳನ್ನೂ ತಾನೇ ತುಂಬುತ್ತಾನೆ. ಹಿಂದೆ ನೌತಿಲುಸ್ ಪಂಪೀಲಿಯುಸ್ ಬ್ಯಾಂಡಿನ ಹಾಡು. ಈ ದೃಶ್ಯದಲ್ಲಿ ಕ್ಯಾಮೆರಾಗೆ ಯಾವ ಆತುರವೂ ಇಲ್ಲ. ಬಗ್ಗಿದ ತಲೆ, ದಪ್ಪ ಉಲ್ಲನ್ ಸ್ವೆಟರ್, ಓಡಾಡುವ ಬೆರಳು. ಶಾಲೆಯ ಕ್ರಾಫ್ಟ್ ಪೀರಿಯಡ್‌ನಲ್ಲಿ ಕೂತ ಹುಡುಗನ ಹಾಗೆ ಮಗ್ನವಾಗಿ ಕೆಲಸ ಮಾಡುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ಭಯ ಹುಟ್ಟಿಸಿದ್ದು ಕೊಲೆಗಳಲ್ಲ, ಈ ನೆಮ್ಮದಿ.

ಆ ಸ್ವೆಟರ್ ಬಗ್ಗೆ ಒಂದು ಮಾತು. ವಸ್ತ್ರವಿನ್ಯಾಸ ಮಾಡಿದ ನದೇಜ್ದಾ ವಸೀಲ್ಯೇವಾ ಅದನ್ನು ಹಳೇ ಬಟ್ಟೆ ಅಂಗಡಿಯಲ್ಲಿ ಕೊಂಡು ತಂದದ್ದು. ಅವರು ಬಲಬಾನೋವ್ ಅವರ ಹೆಂಡತಿ. ದುಡ್ಡೇ ಇರಲಿಲ್ಲ. ಸೋವಿಯತ್ ಒಕ್ಕೂಟ ಮುರಿದು ಬಿದ್ದ ಮೇಲೆ ಸಿನಿಮಾಗೆ ಹಣ ಹಾಕುವವರು ಇಲ್ಲದ ಕಾಲ ಅದು. ಸ್ನೇಹಿತರ ಮನೆ, ನಿಜವಾದ ಬೀದಿ, ನಿಜವಾದ ಮಾರುಕಟ್ಟೆ, ಓಡಾಡುವ ಟ್ರಾಮ್, ಇಷ್ಟರಲ್ಲೇ ಮುಗಿಸಿದರು.

ಇದಕ್ಕೂ ಬಂದೂಕಿಗೂ ಸಂಬಂಧ ಇದೆ ಅನ್ನೋದು ನನ್ನ ಅಂದಾಜು. ಸಿನಿಮಾದಲ್ಲಿ ಹಾರಿಸುವುದು ಖಾಲಿ ತೋಟಾ, ಮುಂದೆ ಗುಂಡು ಇರಲ್ಲ. ಕಲಾಶ್ನಿಕೋವ್ ಥರದ ಸ್ವಯಂಚಾಲಿತ ಬಂದೂಕಿಗೆ ಇದರಿಂದ ತೊಂದರೆ. ಗುಂಡನ್ನು ತಳ್ಳುವ ಅನಿಲದ ಒತ್ತಡದಿಂದಲೇ ಅದು ಮುಂದಿನ ತೋಟಾ ಎಳೆದುಕೊಳ್ಳೋದು. ಗುಂಡೇ ಇಲ್ಲದಾಗ ಒತ್ತಡ ಸಾಲಲ್ಲ. ಅದಕ್ಕೆ ನಳಿಗೆಯೊಳಗೆ ತಡೆ ಕೂರಿಸಿ ಸಿನಿಮಾಗೆಂದೇ ಅಣಿ ಮಾಡಬೇಕು. ರಿವಾಲ್ವರ್‌ಗೂ ಜೋಡಿ ನಳಿಗೆ ಕೋವಿಗೂ ಆ ತಾಪತ್ರಯ ಇಲ್ಲ. ಒಂದು ಬೆರಳಿನ ಬಲದಲ್ಲಿ ತಿರುಗುತ್ತೆ, ಇನ್ನೊಂದನ್ನು ಕೈಯಲ್ಲೇ ಮುರಿದು ತುಂಬೋದು. ಬಡ ಸಿನಿಮಾಗೆ ಹೇಳಿ ಮಾಡಿಸಿದ ಆಯುಧಗಳು. ಬಡ ಕೊಲೆಗಾರನಿಗೂ ಅಷ್ಟೇ.

ಯಾರಿಗೆ ಹಿಡಿಸುತ್ತೆ? ನಮ್ಮ ಲಾಂಗು ಮಚ್ಚಿನ ರೌಡಿ ಸಿನಿಮಾ ನೋಡಿ ಬೆಳೆದವರಿಗೆ ಇದರ ಲೋಕ ತಕ್ಷಣ ಗೊತ್ತಾಗುತ್ತೆ. ಊರಿಂದ ಬಂದ ಹುಡುಗ, ಪೇಟೆ, ಅಣ್ಣ, ಸಾಲ, ಮಾರುಕಟ್ಟೆಯ ವಸೂಲಿ. ಆದರೆ ಇಲ್ಲಿ ಡೈಲಾಗ್ ಹೊಡೆಯಲ್ಲ. ಸ್ಲೋ ಮೋಷನ್ ಇಲ್ಲ. ಗುಂಡು ಹಾರಿದ ಮೇಲೆ ದೃಶ್ಯ ಕಪ್ಪಾಗಿ ಸುಮ್ನೆ ಮುಂದಕ್ಕೆ ಹೋಗುತ್ತೆ. ಒಂದು ಕಡೆ ಅವನನ್ನು ಕೊಲ್ಲೋಕೆ ಬಂದವನ ಗುಂಡು ಸೊಂಟದಲ್ಲಿದ್ದ ಸಿಡಿ ಪ್ಲೇಯರ್‌ಗೆ ತಾಗುತ್ತೆ, ಅದರಿಂದ ಇವನು ಬದುಕುತ್ತಾನೆ. ಸಿನಿಮಾದುದ್ದಕ್ಕೂ ಒಂದು ಆಲ್ಬಂನ ಸಿಡಿಗಾಗಿ ಅಂಗಡಿ ಅಂಗಡಿ ಅಲೆಯುವ ಹುಡುಗ ಅವನು. ಈ ಎರಡು ವಿಷಯಗಳ ನಡುವೆ ಒತ್ತಿ ಹೇಳಿದ ಸಂದೇಶ ಏನೂ ಇಲ್ಲ. ಅದು ನನಗೆ ಇಷ್ಟ.

ಇಷ್ಟವಾಗದ್ದೂ ಇದೆ. ಟ್ರಾಮ್‌ನಲ್ಲಿ ಟಿಕೆಟ್ ತಗೊಳ್ಳದ ಇಬ್ಬರು ಕಾಕಸಸ್ (ರಷ್ಯಾದ ದಕ್ಷಿಣದ ಬೆಟ್ಟನಾಡು) ಕಡೆಯವರಿಗೆ ದನೀಲಾ ರಿವಾಲ್ವರ್ ತೋರಿಸಿ ದಂಡ ಕಕ್ಕಿಸುತ್ತಾನೆ. ಥಿಯೇಟರ್‌ನಲ್ಲಿ ಚಪ್ಪಾಳೆ ಬಿದ್ದಿರಬಹುದಾದ ದೃಶ್ಯ. ಅವನ ಬಾಯಲ್ಲಿ ಬರುವ ಮಾತು ಶುದ್ಧ ಜನಾಂಗ ದ್ವೇಷ. ಯಹೂದಿಗಳ ಬಗ್ಗೆಯೂ ಹಾಗೇ ಮಾತಾಡುತ್ತಾನೆ. ನಿರ್ದೇಶಕ ಇದನ್ನು ತೋರಿಸುತ್ತಿದ್ದಾನಾ, ಒಪ್ಪುತ್ತಿದ್ದಾನಾ? ಆ ಜಗಳ ರಷ್ಯಾದಲ್ಲಿ ಇವತ್ತಿಗೂ ಮುಗಿದಿಲ್ಲ.

'ಬ್ರಾತ್ 2' (2000): ಅಂಗಡಿ, ಮ್ಯೂಸಿಯಂ, ವಿಡಿಯೋ ಗೇಮ್

ಮೊದಲನೆಯದು ನೋಡದೆ ನೇರ ಇದಕ್ಕೇ ಹೋಗಬಹುದಾ? ಹೋಗಬಹುದು. ಕಥೆ ಅರ್ಥವಾಗುತ್ತೆ. ಮನರಂಜನೆಯೂ ಜಾಸ್ತಿ. ಮಾಸ್ಕೋ, ಅಲ್ಲಿಂದ ಶಿಕಾಗೋ. ಸೈನ್ಯದ ಗೆಳೆಯನ ಕೊಲೆ, ಅಮೆರಿಕದಲ್ಲಿ ಹಾಕಿ ಆಡುವ ಅವನ ಅವಳಿ ಸಹೋದರ, ಅವನನ್ನು ಹಿಂಡುತ್ತಿರುವ ವ್ಯಾಪಾರಿ. ಹಾಡುಗಳಂತೂ ಆ ಕಾಲದ ರಷ್ಯನ್ ರಾಕ್‌ನ ಸಂತೆ, ಜೆಮ್ಫೀರಾ, ಬಿ-2, ಸ್ಪ್ಲೀನ್ ಎಲ್ಲ ಇದ್ದಾರೆ. ಸುಮಾರು ಎರಡು ಗಂಟೆಯ ಸಿನಿಮಾ, ಬೇಜಾರಾಗಲ್ಲ.

ಆದರೆ ಬಂದೂಕಿನ ದಾರಿ ಬದಲಾಗಿದೆ. ಇಲ್ಲಿ ಆಯುಧ ಬೇಕಾದರೆ ಒಬ್ಬ ಮಾರುವವನ ಹತ್ತಿರ ಹೋಗುತ್ತಾರೆ. ಎರಡನೇ ಮಹಾಯುದ್ಧದ ರಣರಂಗಗಳನ್ನು ಅಗೆದು, ಮಣ್ಣಲ್ಲಿ ಹೂತಿದ್ದ ಜರ್ಮನ್, ಸೋವಿಯತ್ ಬಂದೂಕುಗಳನ್ನು ತೆಗೆದು ಸರಿಮಾಡಿ ಮಾರುವ ಧಂದೆ. ಇದು ಕಟ್ಟುಕಥೆ ಅಲ್ಲ. ಪೀಟರ್ಸ್‌ಬರ್ಗ್ ಸುತ್ತಮುತ್ತ, ಪಶ್ಚಿಮ ರಷ್ಯಾದ ಕಾಡುಗಳಲ್ಲಿ ಹೀಗೆ ಕದ್ದು ಅಗೆಯುವವರು ನಿಜವಾಗಿಯೂ ಇದ್ದಾರೆ. ದನೀಲಾನ ಗೆಳೆಯ ಇಲ್ಯಾ ಐತಿಹಾಸಿಕ ಮ್ಯೂಸಿಯಂನಲ್ಲಿ ಕೆಲಸ ಮಾಡುವವನು. ಇಡೀ ಮೊದಲರ್ಧದಲ್ಲಿ ಇತಿಹಾಸವೇ ಆಯುಧದ ಗೋದಾಮು.

ಅದರ ತುತ್ತತುದಿ ಮ್ಯಾಕ್ಸಿಂ ಮೆಷಿನ್ ಗನ್. 1910ರ ಮಾದರಿ, ಚಕ್ರದ ಗಾಡಿ ಮೇಲೆ ಕೂರಿಸುವಂಥದ್ದು, ಗಾಡಿ ಸೇರಿ 60 ಕಿಲೋ ದಾಟುತ್ತೆ. ಸೋವಿಯತ್ ಮಕ್ಕಳೆಲ್ಲ ಅಂತರ್ಯುದ್ಧದ ಸಿನಿಮಾಗಳಲ್ಲಿ ನೋಡಿ ಬೆಳೆದ ಬಂದೂಕು. ಅಣ್ಣ ವಿಕ್ತೋರ್ ಅದನ್ನು ಕಾರಿನ ಹಿಂಬದಿಯಲ್ಲಿಟ್ಟುಕೊಂಡು ಬೆನ್ನಟ್ಟಿ ಬಂದವರ ಮೇಲೆ ಹಾರಿಸುತ್ತಾನೆ. ಆ ಪಾತ್ರ ಮಾಡಿದ ವಿಕ್ತೋರ್ ಸುಖೊರೂಕೋವ್ ಅವರ ಮುಖ ಆಗ ನೋಡಬೇಕು. ಬಾಲ್ಯದ ಆಟ ಕೊನೆಗೂ ನಿಜವಾದ ಖುಷಿ. ನಗು ಬರುತ್ತೆ. ನಗು ಬಂದಿದ್ದಕ್ಕೇ ಗೊತ್ತಾಗುತ್ತೆ, ಇದು ಮೊದಲನೇ ಸಿನಿಮಾ ಅಲ್ಲ ಅಂತ.

ಶಿಕಾಗೋದಲ್ಲಿ ದನೀಲಾ ಮತ್ತೆ ಹಳೇ ಚಾಳಿಗೆ ಬರುತ್ತಾನೆ. ಅಲ್ಲಿ ಕೈಯಲ್ಲಿ ಏನೂ ಇಲ್ಲ. ಅಂಗಡಿಯಿಂದ ತಂದ ಸಾಮಾನಿನಲ್ಲೇ ಒಂದು ನಾಡ ಪಿಸ್ತೂಲು ಜೋಡಿಸಿಕೊಂಡು, ಅದರಿಂದ ಬೇರೆಯವರ ಒಳ್ಳೇ ಬಂದೂಕುಗಳನ್ನು ಕಿತ್ತುಕೊಳ್ಳುತ್ತಾನೆ. ಕಾಗದ ತೋರಿಸಿದರೆ ಬಂದೂಕು ಕೊಳ್ಳಬಹುದಾದ ದೇಶದಲ್ಲಿ ಕೂತು ರಷ್ಯಾದ ಹುಡುಗ ಪೈಪಿನ ತುಂಡು ಹಿಡಿದು ಕೆಲಸ ಮಾಡುವ ಈ ಭಾಗ, ಎರಡನೇ ಸಿನಿಮಾದಲ್ಲಿ ಮೊದಲನೆಯದರ ಉಸಿರು ಇರುವ ಜಾಗ.

ಆಮೇಲೆ ಕ್ಲಬ್ಬಿನ ದೃಶ್ಯ. ಕ್ಯಾಮೆರಾ ದನೀಲಾನ ಕಣ್ಣಾಗುತ್ತೆ, ಮುಂದೆ ಚಾಚಿದ ಕೈ, ಬಂದೂಕು, ಎದುರು ಬಂದವರು ಬೀಳುತ್ತಾ ಹೋಗುತ್ತಾರೆ. ಆ ಕಾಲದ ಕಂಪ್ಯೂಟರ್ ಆಟಗಳ ನೇರ ನಕಲು. ಅದಾದ ಮೇಲೆ ಅವನ ದನಿಯಲ್ಲಿ ಮಕ್ಕಳ ಪದ್ಯ, ನನ್ನ ಊರು ನನ್ನ ಹೊಳೆ ಅನ್ನೋ ಅರ್ಥದ್ದು. ದೇಶಪ್ರೇಮದ ಪದ್ಯ ಬಾಯಲ್ಲಿ, ಹೆಣ ಬೆನ್ನ ಹಿಂದೆ. ವ್ಯಂಗ್ಯ ಅಂತ ನೋಡಿದವರು ಇದ್ದಾರೆ, ರೋಮಾಂಚನದಿಂದ ನೋಡಿದವರು ಅವರಿಗಿಂತ ಜಾಸ್ತಿ. ಶಕ್ತಿ ಇರೋದು ದುಡ್ಡಲ್ಲಲ್ಲ, ಸತ್ಯದಲ್ಲಿ ಅಂತ ದನೀಲಾ ಕೊನೆಗೆ ಹೇಳುವ ಮಾತು 2022ರ ನಂತರ ಉಕ್ರೇನ್ ಯುದ್ಧದ ಪ್ರಚಾರ ಫಲಕಗಳ ಮೇಲೂ ಬಂತು. ಕಪ್ಪು ಜನರ ಬಗ್ಗೆ, ಉಕ್ರೇನಿನವರ ಬಗ್ಗೆ ಸಿನಿಮಾದಲ್ಲಿ ಬರುವ ಮಾತುಗಳನ್ನು ಇದರ ಜೊತೆ ಇಟ್ಟು ನೋಡಿದರೆ ಗಂಟಲಲ್ಲಿ ಇಳಿಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ಆ್ಯಕ್ಷನ್ ಬೇಕು, ಗೆಳೆಯರ ಜೊತೆ ಕೂತು ನೋಡಬೇಕು ಅಂದರೆ 'ಬ್ರಾತ್ 2'. ಒಬ್ಬರೇ ಕೂತು ನೋಡೋದಾದರೆ 'ಬ್ರಾತ್'. ಎರಡೂ ನೋಡೋ ಯೋಚನೆ ಇದ್ದರೆ ಇಸವಿ ಪ್ರಕಾರವೇ ಹೋಗಿ. ಉಲ್ಟಾ ನೋಡಿದರೆ ಮೊದಲನೆಯದು ಸಪ್ಪೆ ಅನಿಸುವ ಅಪಾಯ ಇದೆ, ಅದು ಅನ್ಯಾಯ.

'ಕಾಕಸಸ್‌ನ ಕೈದಿ' (1996) ಮತ್ತು 'ಯುದ್ಧ' (2002): ಒಂದೇ ಗುಂಡಿ, ಎರಡು ದಾರಿ

ಇವೆರಡನ್ನು ಜೋಡಿಯಾಗಿ ಇಟ್ಟು ನೋಡಬೇಕು. ಎರಡರಲ್ಲೂ ಚೆಚನ್ ಯುದ್ಧ (ಕಾಕಸಸ್‌ನ ಚೆಚನ್ಯಾದಲ್ಲಿ ಸ್ವಾತಂತ್ರ್ಯ ಬೇಕೆಂದವರ ಜೊತೆ ರಷ್ಯಾ ನಡೆಸಿದ್ದು), ಎರಡರಲ್ಲೂ ರಷ್ಯಾದ ಸೈನಿಕರು ಬೆಟ್ಟದ ಹಳ್ಳಿಯಲ್ಲಿ ಸೆರೆ, ಎರಡರಲ್ಲೂ ಕೈದಿಗಳನ್ನು ಇಡುವ ನೆಲದಗುಂಡಿ. ಬೊದ್ರೋವ್‌ನ ನಟನಾ ಜೀವನ ಇಂಥ ಗುಂಡಿಯಲ್ಲೇ ಶುರುವಾಗಿ ಹೆಚ್ಚುಕಮ್ಮಿ ಅಲ್ಲೇ ಮುಗಿಯುತ್ತೆ.

'ಕಾಕಸಸ್‌ನ ಕೈದಿ'ಯ ನಿರ್ದೇಶಕ ಅವನ ಅಪ್ಪ. ಟಾಲ್‌ಸ್ಟಾಯ್ 1872ರಲ್ಲಿ ಬರೆದ ಕಥೆಯನ್ನು ಆಗ ನಡೆಯುತ್ತಿದ್ದ ಯುದ್ಧಕ್ಕೆ ತಂದಿದ್ದಾರೆ. ಚಿತ್ರೀಕರಣ ಪಕ್ಕದ ದಾಗೆಸ್ತಾನದ ಬೆಟ್ಟದ ಹಳ್ಳಿಯಲ್ಲಿ, ಯುದ್ಧ ಇನ್ನೂ ನಿಂತಿರದ ಕಾಲದಲ್ಲಿ. ಏನಾದರೂ ಕೆಲಸ ಕೊಡಿ, ನಾನೂ ಬರ್ತೀನಿ ಅಂತ ಹೊರಟ ಮಗನಿಗೆ ಅಪ್ಪ ಮುಖ್ಯ ಪಾತ್ರವನ್ನೇ ಕೊಟ್ಟರು. ಹೊಸದಾಗಿ ಸೈನ್ಯಕ್ಕೆ ಸೇರಿದ ಹುಡುಗ ವಾನ್ಯಾ ಝೀಲಿನ್. ಜೊತೆಗೆ ಸೆರೆ ಸಿಕ್ಕವನು ಅನುಭವಿ ಸೈನಿಕ, ಒಲೇಗ್ ಮೆನ್ಷಿಕೋವ್ ನಟಿಸಿದ್ದಾರೆ. ಹಳ್ಳಿಯ ಅಬ್ದುಲ್ ಮುರಾತ್ ಇಬ್ಬರನ್ನೂ ಇಟ್ಟುಕೊಂಡಿರೋದು ದುಡ್ಡಿಗಲ್ಲ, ರಷ್ಯನ್ನರ ಕೈಯಲ್ಲಿರುವ ತನ್ನ ಮಗನನ್ನು ಬಿಡಿಸಿಕೊಳ್ಳೋಕೆ. ವಿದೇಶಿ ಭಾಷಾ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನ ಆಯಿತು.

ವಾನ್ಯಾನಿಗೆ ಸರ್ಕಾರ ಬಂದೂಕು ಕೊಟ್ಟಿತ್ತು. ಅದು ಕೈಯಲ್ಲಿ ನಿಲ್ಲಲೇ ಇಲ್ಲ. ಸಿನಿಮಾದ ಬಹುಪಾಲು ಅವನ ಕೈಯಲ್ಲಿರೋದು ಹಗ್ಗ, ಸರಪಳಿ, ಅಬ್ದುಲ್‌ನ ಮಗಳಿಗೆ ಮಾಡಿಕೊಡುವ ಆಟಿಕೆ. (ಇನ್ನು ಎರಡು ಪ್ಯಾರಾದಲ್ಲಿ ಕಥೆಯ ಕೊನೆ ಬರುತ್ತೆ. ನೋಡಬೇಕು ಅಂತಿದ್ದರೆ 'ಯುದ್ಧ'ದ ಭಾಗಕ್ಕೆ ಹಾರಿ.)

ಬಂದೂಕು ಇಲ್ಲಿ ಯಾರನ್ನೂ ಕಾಪಾಡಲ್ಲ. ತಪ್ಪಿಸಿಕೊಂಡು ಹೋಗುವಾಗ ಮೆನ್ಷಿಕೋವ್‌ನ ಪಾತ್ರ ಒಬ್ಬ ಕುರಿಗಾಹಿಯನ್ನು ಕೊಂದು ಬಂದೂಕು ಕಿತ್ತುಕೊಳ್ಳುತ್ತೆ. ಹಾರಿಸಿದ ಒಂದು ಗುಂಡಿನ ಸದ್ದಿಗೇ ಇಬ್ಬರೂ ಮತ್ತೆ ಸಿಕ್ಕಿಬೀಳುತ್ತಾರೆ. ಆಯುಧ ಸಿಕ್ಕ ಕ್ಷಣದಿಂದಲೇ ಅವನ ಸಾವು ಖಾತ್ರಿ.

ಇನ್ನು ಕೊನೆಯ ಗುಂಡು. ಅಬ್ದುಲ್‌ನ ಮಗ ಸತ್ತಿದ್ದಾನೆ. ವಾನ್ಯಾನನ್ನು ಗುಂಡಿಕ್ಕಲೇಬೇಕು ಅಂತ ಊರೇ ಕಾಯುತ್ತಿದೆ. ಮುದುಕ ಹುಡುಗನನ್ನು ಬೆಟ್ಟದ ಮೇಲೆ ಕರೆದುಕೊಂಡು ಹೋಗಿ ಬೆನ್ನ ಹಿಂದೆ ನಿಂತು ಗುಂಡು ಹಾರಿಸುತ್ತಾನೆ, ಬೇಕಂತಲೇ ಗುರಿ ತಪ್ಪಿಸಿ. ಹುಡುಗ ತಿರುಗಿ ನೋಡಿದಾಗ ಅವನು ನಡೆದು ಹೋಗುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ರಷ್ಯಾದ ಹೆಲಿಕಾಪ್ಟರ್‌ಗಳು ತಲೆ ಮೇಲೆ ಹಾದು ಹಳ್ಳಿಯ ಕಡೆ ಹೊರಡುತ್ತವೆ. ಗುರಿ ತಪ್ಪಿಸುವವರು ಅವುಗಳಲ್ಲಿ ಯಾರೂ ಇಲ್ಲ.

'ಯುದ್ಧ' ಬಲಬಾನೋವ್ ಸಿನಿಮಾ. ಇಲ್ಲಿ ನಾಯಕ ಬೊದ್ರೋವ್ ಅಲ್ಲ, ಅಲೆಕ್ಸೇಯ್ ಚದೋವ್. ಇವಾನ್ ಅನ್ನೋ ಹುಡುಗ ಸೆರೆಯಿಂದ ಬಿಡುಗಡೆಯಾಗಿ, ತನ್ನ ಜೊತೆ ಗುಂಡಿಯಲ್ಲಿದ್ದ ಇಂಗ್ಲಿಷ್ ನಟನ ಜೊತೆ ವಾಪಸ್ ಹೋಗುತ್ತಾನೆ. ಆ ನಟನ ಹುಡುಗಿಯೂ, ಒಬ್ಬ ರಷ್ಯನ್ ಕ್ಯಾಪ್ಟನ್ನೂ ಇನ್ನೂ ಅಲ್ಲೇ ಇದ್ದಾರೆ. ಆ ಕ್ಯಾಪ್ಟನ್ ಮೆದ್ವೇದೆವ್ ಆಗಿ ಬೊದ್ರೋವ್. ಬೆನ್ನುಮೂಳೆಗೆ ಪೆಟ್ಟು ಬಿದ್ದು ಕಾಲು ಸ್ವಾಧೀನ ತಪ್ಪಿದೆ. ಮಲಗಿದಲ್ಲಿಂದ ಮಾತು, ನೋಟ ಅಷ್ಟೇ. ಓಡೋದು, ಹೊಡೆದಾಡೋದು ಬೇರೆಯವರ ಪಾಲು. ದನೀಲಾ ಆಗಿ ದೇಶವೇ ಹೊತ್ತು ಮೆರೆಸಿದ ನಟನನ್ನು ಅದೇ ನಿರ್ದೇಶಕ ಎರಡೇ ವರ್ಷದಲ್ಲಿ ಹೀಗೆ ಮಲಗಿಸಿದ. ನಾಯಕನ ಪಾತ್ರಕ್ಕೆ ಹೊಸ ಹುಡುಗನನ್ನು ತಂದ. ಧೈರ್ಯ ಬೇಕು ಅಲ್ವಾ?

ಆಯುಧದ ಮಟ್ಟಿಗೆ ಈ ಪಟ್ಟಿಯಲ್ಲಿ 'ಯುದ್ಧ'ವೇ ಭರ್ಜರಿ. ದಾರಿಯಲ್ಲಿ ಹೊಂಚು ಹಾಕಿ ಒಂದು ಜೀಪಿನವರನ್ನು ಕೊಂದು ಅವರ ಬಂದೂಕು, ದುಡ್ಡು ಎಲ್ಲ ಎತ್ತಿಕೊಳ್ಳುತ್ತಾರೆ. ಅಲ್ಲಿಂದ ಮುಂದಕ್ಕೆ ಕಲಾಶ್ನಿಕೋವ್‌ಗಳದೇ ಮಾತು. ಆದರೆ ಅಪಾಯದ ಆಯುಧ ಇಂಗ್ಲಿಷ್‌ನವನ ಹತ್ತಿರ ಇದೆ, ಅವನ ಕ್ಯಾಮೆರಾ. ಅವನು ಚಿತ್ರಿಸಿದ್ದೇ ಮುಂದೆ ಇವಾನ್‌ಗೆ ಉರುಳಾಗುತ್ತೆ. ಮಿಲಿಟರಿ ಸಿನಿಮಾ ಇಷ್ಟಪಡುವವರು ಇದರಿಂದಲೇ ಶುರು ಮಾಡಿದರೂ ನಷ್ಟ ಇಲ್ಲ. ಚೆಚನ್ನರನ್ನು ಒಂದೇ ಬಣ್ಣದಲ್ಲಿ ಬಳಿದಿದ್ದಾನೆ ಅನ್ನೋ ಆಕ್ಷೇಪ ನನ್ನದೂ ಹೌದು. ಅಪ್ಪ ಬೊದ್ರೋವ್‌ನ ಸಿನಿಮಾದಲ್ಲಿ ಅಬ್ದುಲ್‌ಗೆ ಒಂದು ಮನೆ ಇದೆ, ಮಗಳಿದ್ದಾಳೆ, ಸಂಕಟ ಇದೆ. ಬಲಬಾನೋವ್‌ಗೆ ಅದರಲ್ಲಿ ಆಸಕ್ತಿ ಇಲ್ಲ. ಎರಡರಲ್ಲಿ ಒಂದೇ ನೋಡೋದಾದರೆ 'ಕಾಕಸಸ್‌ನ ಕೈದಿ' ನೋಡಿ.

'ಅಕ್ಕತಂಗಿಯರು' (2001): ಬಂದೂಕು ಹುಡುಗಿಯ ಕೈಗೆ

ಬೊದ್ರೋವ್ ನಿರ್ದೇಶಿಸಿ ಮುಗಿಸಿದ ಒಂದೇ ಸಿನಿಮಾ. ರಷ್ಯನ್ ಹೆಸರು 'ಸ್ಯೋಸ್ತ್ರಿ'. ಸೋಚಿಯ ಕಿನೊತಾವ್ರ್ ಉತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಬಹುಮಾನ ಸಿಕ್ಕಿತು. 13 ವರ್ಷದ ಸ್ವೇತಾ, 8 ವರ್ಷದ ದೀನಾ. ಇಬ್ಬರಿಗೂ ಅಮ್ಮ ಒಬ್ಬಳೇ, ಅಪ್ಪಂದಿರು ಬೇರೆ ಬೇರೆ. ದೀನಾಳ ಅಪ್ಪ ರೌಡಿ, ಜೈಲಿಂದ ಬಂದಿದ್ದಾನೆ, ಅವನಿಂದ ದುಡ್ಡು ಬರಬೇಕಾದವರು ಮಗುವನ್ನು ಹಿಡಿಯೋಕೆ ಹುಡುಕುತ್ತಿದ್ದಾರೆ. ಅಕ್ಕ ತಂಗಿಯನ್ನು ಕರೆದುಕೊಂಡು ಓಡುತ್ತಾಳೆ.

ಸ್ವೇತಾಗೆ ಸ್ನೈಪರ್ ಆಗಬೇಕು ಅಂತ ಆಸೆ. ಅವಳು ಅಭ್ಯಾಸ ಮಾಡೋದು ಸಣ್ಣ ಗುಂಡಿನ ಕ್ರೀಡಾ ಬಂದೂಕಿನಲ್ಲಿ, 5.6 ಮಿಲಿಮೀಟರ್‌ನದು. ಭುಜಕ್ಕೆ ಒದೆಯಲ್ಲ, ಸದ್ದೂ ಕಮ್ಮಿ. ಸೋವಿಯತ್ ಕಾಲದ ಶಾಲೆಗಳಲ್ಲಿ, ಯುವಕರ ತರಬೇತಿ ಸಂಘಗಳಲ್ಲಿ ಮಕ್ಕಳಿಗೆ ಗುರಿ ಹೊಡೆಯೋಕೆ ಕಲಿಸುತ್ತಿದ್ದದ್ದು ಇದರಲ್ಲೇ. ಸರ್ಕಾರ ಹೋಯಿತು, ತರಬೇತಿ ನಿಂತಿತು, ಬಂದೂಕಿನ ಮೇಲಿನ ಆಸೆ ಮಾತ್ರ ಹುಡುಗಿಯಲ್ಲಿ ಉಳಿಯಿತು. ಅವಳಿಗೆ ಟಿವಿಯಲ್ಲಿ ಕಾಣೋದು ಚೆಚನ್ಯಾ.

ದನೀಲಾನನ್ನು ನೋಡಿ ಬೆಳೆದ ಮಕ್ಕಳು ಹೇಗಿರುತ್ತಾರೆ ಅಂತ ಬೊದ್ರೋವ್ ಇಲ್ಲಿ ನೋಡುತ್ತಿದ್ದಾನೆ ಅಂತ ನನ್ನ ಗುಮಾನಿ. ತಾನೂ ಒಂದು ಚಿಕ್ಕ ಪಾತ್ರದಲ್ಲಿ ಬಂದು ಹೋಗುತ್ತಾನೆ, ದೊಡ್ಡ ಕಪ್ಪು ಕಾರು, ಒಳ್ಳೇ ಕೋಟು, ಈಗ ದುಡ್ಡು ಮಾಡಿದ ರೌಡಿ. ಸ್ವೆಟರ್ ಹೋಗಿದೆ. ದನೀಲಾನೇ ಇವನು ಅಂತ ಯಾರೂ ಹೇಳಲ್ಲ, ನೋಡಿದವರೆಲ್ಲ ಹಾಗೇ ಅಂದುಕೊಂಡರು.

ಸ್ವೇತಾ ಪಾತ್ರದ ಒಕ್ಸಾನಾ ಅಕಿನ್ಷಿನಾಗೆ ಇದು ಮೊದಲ ಸಿನಿಮಾ. ಮುಂದೆ 2004ರಲ್ಲಿ ಜೇಸನ್ ಬೋರ್ನ್ ಸರಣಿಯ ಎರಡನೇ ಚಿತ್ರದ ಕೊನೆಯಲ್ಲಿ, ತನ್ನ ಅಪ್ಪ ಅಮ್ಮನನ್ನು ಕೊಂದವನ ಎದುರು ಕೂತು ಕೇಳಿಸಿಕೊಳ್ಳುವ ರಷ್ಯನ್ ಹುಡುಗಿ ಇವಳೇ. ರಷ್ಯನ್ ರಾಕ್ ಗಾಯಕ ವಿಕ್ತೋರ್ ತ್ಸೋಯ್ ಹಾಡುಗಳು ಸಿನಿಮಾದ ಹಿನ್ನೆಲೆಯಲ್ಲಿ ಬರುತ್ತವೆ. ಒಂದೂವರೆ ಗಂಟೆಯೊಳಗೆ ಮುಗಿಯುತ್ತೆ. ಮೊದಲ ಬಾರಿಯ ನಿರ್ದೇಶಕನ ತಡವರಿಕೆ ಅಲ್ಲಲ್ಲಿ ಕಾಣುತ್ತೆ, ರೌಡಿಗಳು ಮಾದರಿ ರೌಡಿಗಳೇ. ಆದರೆ ಇಬ್ಬರು ಮಕ್ಕಳ ನಡುವಿನ ಸಿಟ್ಟು, ಹೊಟ್ಟೆಕಿಚ್ಚು, ಅಂಟಿಕೊಳ್ಳುವಿಕೆ ಎಷ್ಟು ಸಲೀಸಾಗಿದೆ ಅಂದರೆ ಬಲಬಾನೋವ್ ಸಿನಿಮಾಗಳ ಹೆಂಗಸರು ಇದರ ಮುಂದೆ ಚಿತ್ರಪಟದ ಹಾಗೆ ಕಾಣುತ್ತಾರೆ. ಗುಂಡಿನ ಸುರಿಮಳೆ ಬೇಡ, ಹಿಂಸೆಯ ಸಿನಿಮಾ ಸಹಿಸೋಕಾಗಲ್ಲ ಅನ್ನುವವರು ಇಲ್ಲಿಂದ ಶುರು ಮಾಡಲಿ. ಮನೆಯವರ ಜೊತೆ ನೋಡೋದಾದರೂ ಇದೇ.

ಹಾಗಾದರೆ ಕ್ರಮ?

ನನ್ನ ಕ್ರಮ 'ಬ್ರಾತ್', 'ಅಕ್ಕತಂಗಿಯರು', 'ಕಾಕಸಸ್‌ನ ಕೈದಿ'. ಈ ಮೂರು ಸಾಕು ಅಂತಲೂ ಹೇಳಬಲ್ಲೆ. 'ಬ್ರಾತ್ 2' ಮತ್ತು 'ಯುದ್ಧ' ಬೇಕಾದವರಿಗೆ, ಅದೂ ಆ ಕಾಲದ ರಷ್ಯಾ ಯಾವುದಕ್ಕೆ ಚಪ್ಪಾಳೆ ತಟ್ಟಿತು ಅಂತ ತಿಳಿಯುವ ಆಸೆ ಇದ್ದರೆ. ಇಸವಿ ಪ್ರಕಾರವೇ ನೋಡ್ತೀನಿ ಅನ್ನುವವರಿಗೆ ಒಂದು ಲಾಭ ಇದೆ. ಬಂದೂಕು ಕಳೆದುಕೊಂಡ ಹುಡುಗ, ತಾನೇ ಮಾಡಿಕೊಂಡವನು, ಕಿತ್ತುಕೊಂಡವನು, ಕ್ಯಾಮೆರಾ ಹಿಂದೆ ನಿಂತು ಅದನ್ನು ಹುಡುಗಿಯ ಕೈಗೆ ಕೊಟ್ಟವನು, ಎದ್ದು ನಿಲ್ಲಲಾಗದ ಕ್ಯಾಪ್ಟನ್, ಇಷ್ಟೂ ಆರೇ ವರ್ಷದಲ್ಲಿ ಒಬ್ಬನ ಮೇಲೆ ಹಾದು ಹೋಗೋದು ಕಾಣುತ್ತೆ.

ಆರನೆಯದು ಬರಬೇಕಿತ್ತು. ಹೆಸರು 'ಸ್ವ್ಯಜ್ನೋಯ್', ಬರವಣಿಗೆ, ನಿರ್ದೇಶನ, ನಟನೆ ಎಲ್ಲ ಬೊದ್ರೋವ್‌ದೇ. ಕಾಕಸಸ್‌ನ ಉತ್ತರ ಒಸೇತಿಯಾದ ಕಾರ್ಮಾದೋನ್ ಕಣಿವೆಯಲ್ಲಿ ಚಿತ್ರೀಕರಣ. ಅವತ್ತಿನ ಕೆಲಸ ಮುಗಿಸಿ ಹೊರಟ ಸಂಜೆ ಕೋಲ್ಕಾ ಹಿಮನದಿ ಬುಡಸಮೇತ ಕಿತ್ತು ಬಂತು. ಹಿಮ, ಕಲ್ಲು, ಕೆಸರು ಸೇರಿ ಗಂಟೆಗೆ 100 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಕಣಿವೆಯುದ್ದಕ್ಕೂ ನುಗ್ಗಿತು. ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ತಿಂಗಳುಗಟ್ಟಲೆ ಹುಡುಕಿದರು, 2004ರಲ್ಲಿ ನಿಲ್ಲಿಸಿದರು. ಬೊದ್ರೋವ್‌ನ ದೇಹ ಸಿಗಲಿಲ್ಲ.

ಬಂದೂಕೇ ಬೇಡ, ನಟನನ್ನು ಮಾತ್ರ ನೋಡಬೇಕು ಅನ್ನುವವರಿಗೆ 1999ರ ಫ್ರೆಂಚ್ ಸಿನಿಮಾ 'ಪೂರ್ವ ಪಶ್ಚಿಮ' ಇದೆ, ರೆಜಿ ವಾರ್ನ್ಯೇ ನಿರ್ದೇಶನದ್ದು. ಸ್ಟಾಲಿನ್ ಕಾಲದ ಕೀವ್‌ನಲ್ಲಿ ಸಿಕ್ಕಿಹಾಕಿಕೊಂಡ ಫ್ರೆಂಚ್ ಹೆಂಗಸಿನ ಕಥೆ. ಬೊದ್ರೋವ್ ಇದರಲ್ಲಿ ಈಜುಗಾರ ಸಾಷಾ. ದೇಶ ಬಿಟ್ಟು ಹೋಗೋಕೆ ಅವನಿಗಿರುವ ಸಾಧನ ತನ್ನ ತೋಳು, ಕಾಲು ಮಾತ್ರ. ಪಾವೆಲ್ ಪಾವ್ಲಿಕೋವ್‌ಸ್ಕಿ ನಿರ್ದೇಶಿಸಿದ 'ಸ್ಟ್ರಿಂಗರ್' (1998) ಸಿಗೋದು ಕಷ್ಟ, ಸಿಕ್ಕರೆ ಬಿಡಬೇಡಿ, ವಿಡಿಯೋ ಕ್ಯಾಮೆರಾ ಹಿಡಿದು ಸುದ್ದಿ ಮಾರುವ ಹುಡುಗ ಅದರಲ್ಲಿ. ಸಬ್‌ಟೈಟಲ್ ಇಂಗ್ಲಿಷ್‌ನಲ್ಲೇ ಹುಡುಕಬೇಕು. 'ಬ್ರಾತ್'ಗಂತೂ ಒಳ್ಳೇ ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ, ಡಬ್ ಮಾಡಿದ್ದು ಬೇಡ. ದನೀಲಾ ಮಾತಾಡೋದೇ ಕಮ್ಮಿ, ಆ ಕಮ್ಮಿ ಮಾತಿನ ದನಿಯೇ ಹೋದರೆ ಏನೂ ಉಳಿಯಲ್ಲ.